ಕೋರಮಂಡಲ್‌ನಲ್ಲಿ ಇಳಿಯುವವಳು

ಅವಳು ಯಾರ ಕಣ್ಣು ನೋಡಿಯೂ ಮಾತಾಡಿದವಳಲ್ಲ, ಬಾಯಿ ನೋಡಿ ಮಾತಾಡುತ್ತಿದ್ದಳು. ಎದುರಿಗೆ ಕೂತವರು ಮಗಳ ಮದುವೆಯ ಸುದ್ದಿ ಹೇಳಲಿ, ಗಂಡ ಸತ್ತ ಸುದ್ದಿ ಹೇಳಲಿ, ಅವಳ ನೋಟವೆಲ್ಲ ಅವರ ತುಟಿಗಳ ನಡುವೆಯೇ. ಕಸುಬಿನ ಚಾಳಿ ಎಂದು ಊರು ತಿಳಿದಿತ್ತು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವಳದೊಂದು ಹಲ್ಲಿನ ಅಂಗಡಿ. ಗಾಜಿನ ಪೆಟ್ಟಿಗೆಯೊಳಗೆ ಎರಡು ಜೊತೆ ಹಲ್ಲಿನ ಸೆಟ್ಟು, ಒಂದು ಒರಗು ಕುರ್ಚಿ, ಮೂಲೆಯಲ್ಲಿ ನೀರಿನ ಕೊಡ, ಅಷ್ಟೇ. ಬಂದವರಿಗೆಲ್ಲ ಮೊದಲ ಮಾತು ಒಂದೇ. ತಮಿಳಿನವರಿಗೆ ‘ಸಿರಿ, ಪಾಕ್ಕಲಾಂ’, ತೆಲುಗಿನವರಿಗೆ ‘ನವ್ವು, ಚೂದ್ದಾಂ’, ನಮ್ಮಂಥವರಿಗೆ ‘ನಗು, ನೋಡಾಣ’. ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಬಂದವನು ಎಲ್ಲಿಂದ ತಂದು ನಗಬೇಕು? ಆದರೂ ಅವಳ ಮುಂದೆ ಹೇಗೋ ನಗುತ್ತಿದ್ದರು.

ಅವಳ ಹೆಸರು ಬರೆಯುವುದಿಲ್ಲ. ಅದು ಅವಳೇ ಹಾಕಿದ ಕಟ್ಟಳೆ. ‘ಎಲ್ಲೂ ನನ್ ಹೆಸ್ರು ಬರೀಬ್ಯಾಡ ಕಣೇ. ಬರೆದಿಟ್ಟ ಕಡೆಯಿಂದ್ಲೇ ಕರ್ಕೊಂಡೋಗೋದು’ ಎನ್ನುತ್ತಿದ್ದಳು. ಊರಿಗೆ ಅವಳು ಹಲ್ಲು ಡಾಕ್ಟ್ರಮ್ಮ. ನನಗೆ, ಮೂರನೇ ಕ್ಲಾಸಿನಿಂದ, ಪಕ್ಕದ ಜಾಗದವಳು.

ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಮೂರು ದಿನ ಕಳೆದಿರಲಿಲ್ಲ, ಅವಳ ಅಂಗಡಿಯ ನೆಲವನ್ನು ಯಾರೋ ಅಗೆದು ಹಾಕಿದರು. ಆ ಸಂಗತಿ ಕೊನೆಗೆ ಬರೆಯುತ್ತೇನೆ. ಈಗಲೇ ಶುರು ಮಾಡಿದರೆ ಸಿಟ್ಟಿನಲ್ಲಿ ಉಳಿದದ್ದು ಬರೆಯಲಾಗುವುದಿಲ್ಲ.

ನಮ್ಮ ಕಾಲಕ್ಕೆ ಕೆಜಿಎಫ್‌ನಲ್ಲಿ ಶಾಲೆಗಳಿಗೂ ಜಾತಿಯಿತ್ತು. ದೊರೆಗಳ ಮಕ್ಕಳಿಗೆ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಕೆಂಪು ಹೆಂಚಿನ ಶಾಲೆ. ಅಲ್ಲಿ ಪಿಯಾನೋ ಇತ್ತಂತೆ. ದೊರೆಗಳು ಒಬ್ಬೊಬ್ಬರೇ ಊರು ಬಿಟ್ಟ ಮೇಲೂ ಆ ಶಾಲೆಯ ಗೇಟು ನಮ್ಮಂಥವರಿಗೆ ತೆರೆಯಲಿಲ್ಲ. ಗಣಿಗೆ ಇಳಿಯುವವರ ಮಕ್ಕಳಿಗೆ ಲೈನು ಮನೆಗಳ ಪಕ್ಕದಲ್ಲೇ ತಗಡಿನ ಸೂರಿನ ತಮಿಳು ಶಾಲೆ. ಗುಮಾಸ್ತರ ಮಕ್ಕಳಾದ ನಮಗೆ ಕನ್ನಡ ಶಾಲೆ. ಅವಳಪ್ಪ ಚೀನಾದವರು. ಅವಳ ತಾತ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದವರಂತೆ. ಅಪ್ಪ ಅಲ್ಲೇ ಹಲ್ಲಿನ ಕಸುಬು ಕಲಿತು, ಚಿನ್ನದ ಊರು ಎಂಬ ಹೆಸರು ಕೇಳಿ ರೈಲು ಹತ್ತಿದವರು. ಇವಳು ಹುಟ್ಟಿದ್ದು ಇಲ್ಲಿನ ಆಸ್ಪತ್ರೆಯಲ್ಲಿ. ಶಾಲೆಗೆ ಸೇರಿಸುವ ಹೊತ್ತಿಗೆ ಕೆಂಪು ಹೆಂಚಿನವರು ‘ಇದು ನಮ್ಮವರಿಗೆ’ ಅಂದರು, ತಗಡಿನವರು ‘ಇದು ನಿಮ್ಮಂಥವರಿಗೆ ಬೇಡ’ ಅಂದರು. ನಮ್ಮ ಶಾಲೆಯಲ್ಲಿ ಅವಳಿಗೆ ಜಾಗ ಸಿಕ್ಕಿದ್ದಕ್ಕೆ ಕಾರಣ ಕನ್ನಡಿಗರ ಔದಾರ್ಯ ಎಂದು ಯಾರಾದರೂ ಬೀಗಿದರೆ ನನಗೆ ನಗು ಬರುತ್ತದೆ. ನಮ್ಮ ಹೆಡ್‌ಮಾಸ್ತರರಿಗೆ ಆ ವಾರ ದವಡೆ ಹಲ್ಲು ನೋಯುತ್ತಿತ್ತು.

ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದು ಅಜ್ಜಿಯ ಕೈಯ ಮುದ್ದೆ, ಹುಳಿಸೊಪ್ಪು ತಿನ್ನುವಳು. ಸಂಜೆ ನಾನು ಅವಳಪ್ಪನ ಅಂಗಡಿಗೆ ಹೋಗುವೆನು. ಅಲ್ಲಿ ಕೆಂಪು ಮೇಣದ ಹಾಳೆಗಳಿರುತ್ತಿದ್ದವು. ಉಳಿದ ಚೂರುಗಳನ್ನು ಕಚ್ಚಿ ಕಚ್ಚಿ ನಮ್ಮ ಹಲ್ಲಿನ ಅಚ್ಚು ನೋಡಿಕೊಳ್ಳುವುದೇ ಆಟ. ನಂದಿದುರ್ಗ ಅನ್ನುವ ಗಣಿಯ ಕಡೆ ಆಗಾಗ ಏರ್ ಬ್ಲಾಸ್ಟ್ ಆಗುತ್ತಿತ್ತು. ಭೂಮಿಯ ಆಳದಲ್ಲಿ ಬಂಡೆ ಸಿಡಿದು ಮೇಲೆ ಮನೆಗಳ ಪಾತ್ರೆ ಗಲಗಲ ಅನ್ನುವುದಕ್ಕೆ ನಮ್ಮೂರಿನ ಹೆಸರು ಅದು. ಊರೆಲ್ಲ ಬೀದಿಗೆ ಓಡಿ, ಯಾರ ಮನೆಯವರು ಯಾವ ಪಾಳಿಯಲ್ಲಿ ಕೆಳಗಿದ್ದಾರೆ ಎಂದು ಕೂಗಿ ಕೇಳುತ್ತಿರುವಾಗ ಅವಳಪ್ಪ ಮಾತ್ರ ಒಳಗೇ ನಿಂತು, ಗಿರಾಕಿಗಳ ಬಾಯಿಯ ಅಚ್ಚು ತೆಗೆದು ಮಾಡಿದ ಗಚ್ಚಿನ ಹಲ್ಲುಗಳಿದ್ದ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು. ‘ಇದು ಬೇರೆಯೋರ್ದು, ಬೀಳಬಾರ್ದು’ ಎನ್ನುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ಕಪ್ಪು ಬಟ್ಟೆಯ ಮೇಲೆ ಎರಡು ಹಲ್ಲಿನ ಕವಚ ಇಟ್ಟಿರುತ್ತಿದ್ದರು. ಮುರಿದ ಹಲ್ಲಿನ ಮೇಲೆ ತೊಡಿಸುವ ತಗಡಿನ ಟೋಪಿಗಳು. ಬಂದವರಿಗೆಲ್ಲ ಬೆರಳು ಮಾಡಿ ಹೇಳುವರು: ‘ಇದು ಚಿನ್ನ. ಇದು ಚಿನ್ನ ಅಲ್ಲ, ಹಿತ್ತಾಳೆ. ದೂರದಿಂದ ಎರಡೂ ಒಂದೇ.’ ಬೆಲೆ ಕೇಳಿದ ಮೇಲೆ ಹಿತ್ತಾಳೆಯ ಕಡೆಗೇ ಎಲ್ಲರ ಕೈ. ಮನೆಗೆ ಹೋಗಿ ಹೇಳುವುದು ಮಾತ್ರ ಚಿನ್ನ ಎಂದು. ಪಾತಾಳಕ್ಕೆ ಇಳಿದು ಚಿನ್ನ ಅಗೆದು ಕೊಡುವವರಿಗೆ ಬಾಯಲ್ಲಾದರೂ ಒಂದಿಷ್ಟು ಹೊಳೆಯಲಿ ಎಂಬ ಆಸೆ ಇರುವುದು ತಪ್ಪೇನಲ್ಲ. ನಮ್ಮಪ್ಪ ನಮ್ಮಜ್ಜಿಗೂ ಒಂದು ಹಾಕಿಸಿದ್ದರು, ಮೇಲಿನ ಮುಂದಿನ ಹಲ್ಲಿಗೆ. ಅಂದಿನಿಂದ ಅಜ್ಜಿಗೆ ಬಂಗಾರಪೇಟೆ ಕಡೆಯ ನಂಟರ ಮನೆಗೆ ಹೋಗುವುದೆಂದರೆ ಹಿಗ್ಗು. ಸಾವಿನ ಮನೆಯಲ್ಲೂ ಒಂದು ಸಲ ನಕ್ಕೇ ಬರುತ್ತಿದ್ದಳು.

ಆಮೇಲೆ ಚೀನಾದ ಜೊತೆ ಯುದ್ಧ ಬಂತು.

ದೇಶಕ್ಕೆ ಚಿನ್ನ ಕೊಡಿ ಎಂದು ಊರೂರಲ್ಲಿ ಕೇಳುತ್ತಿದ್ದ ದಿನಗಳು. ನಮ್ಮ ಶಾಲೆಯಲ್ಲೂ ಮೇಜಿನ ಮೇಲೆ ಒಂದು ಹಿತ್ತಾಳೆ ತಟ್ಟೆ ಇಟ್ಟರು. ನಾವೆಲ್ಲ ಮುರಿದ ಓಲೆ, ಮೂಗುಬೊಟ್ಟಿನ ಚೂರು ತಂದು ಹಾಕಿದೆವು. ಅವಳು ಲಂಗದ ಗಂಟು ಬಿಚ್ಚಿ ಒಂದು ಉಂಗುರ ಹಾಕಿದಳು. ಮೇಷ್ಟರು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

‘ಅಪರಂಜಿ. ಎಲ್ಲಿತ್ತಮ್ಮ ಇದು?’

‘ನಮ್ಮಮ್ಮನ ಮದ್ವೆ ಉಂಗ್ರ ಸಾರ್. ಅಪ್ಪ ಕೊಟ್ಟು ಬಾ ಅಂದ್ರು.’

ಮೇಷ್ಟರು ಆ ಮಾತಿಗೆ ತಲೆದೂಗಲಿಲ್ಲ, ಬೆನ್ನು ತಟ್ಟಲಿಲ್ಲ. ಉಂಗುರವನ್ನು ತಟ್ಟೆಗೆ ಹಾಕದೆ ಬೇರೆ ಇಟ್ಟರು. ಗಣಿ ಊರಿನವರ ತಲೆ ಓಡುವುದೇ ಹಾಗೆ. ಚಿನ್ನ ಕಣ್ಣಿಗೆ ಬಿದ್ದರೆ ಮೊದಲ ಯೋಚನೆ, ಇದು ಯಾವ ಶಾಫ್ಟಿನಿಂದ ಮೇಲೆ ಬಂತು ಎಂಬುದು. ಅಂಗಡಿಯ ಆ ಮಾದರಿ ಕವಚ ಬಿಟ್ಟರೆ ಆ ಮನೆಯಲ್ಲಿದ್ದ ನಿಜವಾದ ಚಿನ್ನ ಅದೊಂದೇ. ಅದನ್ನು ದೇಶಕ್ಕೆ ಕೊಟ್ಟದ್ದೇ ಅವರಿಗೆ ಮುಳುವಾಯಿತು.

ವಾರದೊಳಗೆ ಊರಲ್ಲಿ ಕಥೆ ಹುಟ್ಟಿತು. ಗಣಿಯೊಳಗಿನವರು ನಾಲಿಗೆಯ ಕೆಳಗೆ ಚಿನ್ನ ಇಟ್ಟುಕೊಂಡು ಬರುತ್ತಾರೆ, ಚೀನಾದವನು ಅದನ್ನು ತಟ್ಟಿ ಹಲ್ಲಿನ ಕವಚ ಮಾಡುತ್ತಾನೆ, ತೊಟ್ಟವರು ಬಂಗಾರಪೇಟೆಗೆ ಹೋಗಿ ಯಾರಿಗೋ ಬಿಚ್ಚಿ ಕೊಡುತ್ತಾರೆ, ಅಲ್ಲಿಂದ ಅದು ಚೀನಾಕ್ಕೆ. ಹಲ್ಲಿನಲ್ಲಿ ಚಿನ್ನ ಹೊರಿಸಿ ಯುದ್ಧಕ್ಕೆ ಹಣ ಕೂಡಿಸುವ ದೇಶ ಯಾವುದಾದರೂ ಉಂಟೇ ಎಂದು ಒಬ್ಬರೂ ಕೇಳಲಿಲ್ಲ. ಪಾಳಿ ಮುಗಿಸಿ ಮೇಲೆ ಬಂದವರ ಬಟ್ಟೆ, ತಲೆಗೂದಲು, ಬುತ್ತಿ ಡಬ್ಬಿ ತಡಕುವುದು ಮೊದಲಿನಿಂದ ಇದ್ದದ್ದೇ. ಈಗ ಕಾವಲಿನವರು ಟಾರ್ಚು ಹಿಡಿದು ಬಾಯಿ ತೆಗೆಸಿ ನೋಡತೊಡಗಿದರು. ಹೊಳೆಯುವ ಹಲ್ಲಿನವರನ್ನು ಪಕ್ಕಕ್ಕೆ ನಿಲ್ಲಿಸಿದರು. ಮಾರನೆಯ ದಿನದಿಂದ ಊರಲ್ಲಿ ನಗುವವರೇ ಇಲ್ಲ. ಗಂಡಸರು ಟವಲ್ಲು ಅಡ್ಡ ಹಿಡಿದು ಮಾತಾಡಿದರು, ಹೆಂಗಸರು ಸೆರಗು ಕಚ್ಚಿಕೊಂಡರು. ಕೆಲವರು ಮನೆಯಲ್ಲೇ ಇಕ್ಕಳ ಹಾಕಿ ಕಿತ್ತುಕೊಂಡು ಗಣಿಯವರು ಚಿನ್ನ ತೆಗೆದ ಪುಡಿ ಸುರಿಯುವ ಸೈನೈಡ್ ದಿಬ್ಬದ ಮಣ್ಣಿನಲ್ಲಿ ಎಸೆದು ಬಂದರು.

ಶಾಲೆಯಲ್ಲಿ ಅವಳನ್ನು ಬಾಗಿಲ ಪಕ್ಕದ ಒಂಟಿ ಬೆಂಚಿಗೆ ಕಳಿಸಿದರು. ‘ಸುಮ್ನೆ ಎರಡು ದಿನಕ್ಕೆ’ ಅಂದರು ಮೇಷ್ಟರು. ನಾನೂ ಹೋಗಿ ಅಲ್ಲೇ ಕೂತೆ. ಕಿವಿ ಹಿಡಿದು ಎಬ್ಬಿಸಿ ನನ್ನ ಜಾಗಕ್ಕೆ ತಂದು ಕೂರಿಸಿದರು.

ಅವಳಪ್ಪನನ್ನು ಸ್ಟೇಷನ್ನಿಗೆ ಕರೆಸಿ ಕೇಳಿದಾಗ ಅವರು ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ನಾನು ಹಾಕಿದ್ದೆಲ್ಲ ಹಿತ್ತಾಳೆ, ಯಾರದಾದರೂ ಒಂದು ಹಲ್ಲು ಅಕ್ಕಸಾಲಿಗನ ಹತ್ತಿರ ಉಜ್ಜಿಸಿ ನೋಡಿ ಎಂದು. ‘ಆಯ್ತು, ಹಲ್ಲು ತೋರಿಸೋರನ್ನ ಕರ್ಕೊಂಡು ಬಾ’ ಅಂದರಂತೆ ಪೊಲೀಸರು. ಆ ಮನುಷ್ಯನಿಗೆ ಬೀದಿಗಿಳಿಯುವ ಧೈರ್ಯ ಉಳಿದಿರಲಿಲ್ಲ. ಇವಳು ಬೆಳಿಗ್ಗೆ ನಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಂತಳು.

‘ಬಾರೇ, ಹಲ್ಲು ಕೇಳಕ್ಕೆ ಓಗಾಣ.’

ಇಬ್ಬರೂ ಹೊರಟೆವು. ಗಣಿಯ ಲಿಫ್ಟು ಓಡಿಸುತ್ತಿದ್ದವನ ಮನೆಗೆ ಹೋದೆವು. ‘ಅದು ಎಂದೋ ಬಿದ್ದೋಯ್ತು ಪಾಪ’ ಎಂದು ತುಟಿ ಅಲುಗಿಸದೆ ಹೇಳಿದ. ಎಣ್ಣೆ ಅಂಗಡಿಯ ಹೆಂಗಸು ಬಾಗಿಲ ಸಂದಿಯಿಂದಲೇ ‘ಎನಕ್ಕು ತಂಗಪ್ಪಲ್ಲೇ ಇಲ್ಲಮ್ಮಾ’ ಅಂದಳು. ಚಿನ್ನದ ಹಲ್ಲೇ ಇಲ್ಲವಂತೆ! ಹೋದ ದೀಪಾವಳಿಯಲ್ಲಿ ಅದೇ ಹಲ್ಲು ಕಾಣಿಸುವಂತೆ ನಕ್ಕು ನಮಗೆ ಚಕ್ಕುಲಿ ಕೊಟ್ಟಿದ್ದವಳು. ಹೀಗೆ ಮನೆಮನೆ ಸುತ್ತಿ, ಬಿಸಿಲು ನೆತ್ತಿಗೆ ಬಂದಾಗ ಅವಳು ಅಂದಳು, ‘ನಿಮ್ಮಜ್ಜಿ ಬತ್ತಾರೆ ಬುಡು.’ ನನಗೂ ಅದೇ ನಂಬಿಕೆ.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

‘ಅಜ್ಜೀ, ನಮ್ಮಪ್ಪನ್ನ ಕಳ್ಳ ಅಂತಾವ್ರೆ. ನೀವು ಬಂದು ಹಲ್ಲು ತೋರ್ಸಿ ಅಜ್ಜಿ. ಅದು ಚಿನ್ನ ಅಲ್ಲ, ಇತ್ತಾಳೆ ಅಂತ ಗೊತ್ತಾದ್ರೆ ಬುಟ್‌ಬುಡ್ತಾರೆ.’

ಅಜ್ಜಿಯ ಕೈ ನಿಂತಿತು. ‘ಏನಂದೆ? ನನ್ ಅಲ್ಲು ಇತ್ತಾಳೆನಾ?’

‘ಊಂ ಅಜ್ಜಿ.’

‘ಎಲಾ ಇವಳಾ! ನನ್ ಮಗ ಚಿನ್ನದ್ದೇ ಆಕ್ಸವ್ನೆ ಕಣೇ. ಬೇಕಾದ್ರೆ ಅವನ್ನೇ ಕೇಳು, ಅಗಾ ಬಂದ.’

ಅಪ್ಪ ಊಟಕ್ಕೆಂದು ಆಫೀಸಿನಿಂದ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಅವಳು ಓಡಿಹೋಗಿ ಹ್ಯಾಂಡಲ್ಲು ಹಿಡಿದುಕೊಂಡಳು. ‘ಸಾರ್, ನೀವೇ ಹೇಳಿ ಸಾರ್.’ ಅಪ್ಪ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಜಗಲಿಯಲ್ಲಿದ್ದ ತಾಯಿಯನ್ನು ನೋಡಿದರು. ‘ನೀನು ಮನೆಗೆ ಹೋಗಮ್ಮ. ನಿಮ್ಮಪ್ಪಂಗೆ ಏನೂ ಆಗಲ್ಲ, ಎಲ್ಲಾ ಸರಿ ಹೋಗುತ್ತೆ’ ಅಂದು ಒಳಗೆ ಹೋದರು. ಅವರು ಮಾತು ಮುಗಿಸಿದ ಮೇಲೂ ಅವಳು ಅಪ್ಪನ ಬಾಯನ್ನೇ ನೋಡುತ್ತಿದ್ದಳು, ಇನ್ನೂ ಏನೋ ಬರುವುದಿದೆ ಅನ್ನುವ ಹಾಗೆ. ಬಾಯಿ ನೋಡುವ ಅವಳ ಚಾಳಿ ಶುರುವಾದದ್ದು ಆ ಹೊತ್ತಿನಲ್ಲೇ ಎಂದು ನನ್ನ ಎಣಿಕೆ.

ಮುಂದಿನ ವಾರ ಶಾಲೆಯ ಮುಂದೆ ಜೀಪು ನಿಂತಿತು. ಮೇಷ್ಟರು ಅವಳನ್ನು ಕರೆದು ಹೋಗು ಅಂದರು. ಅವಳು ಸ್ಲೇಟನ್ನು ಬೆಂಚಿನ ಮೇಲೇ ಇಟ್ಟು, ‘ಸಾರ್, ಲೆಕ್ಕದ ಕ್ಲಾಸಿಗೆ ಬಂದ್‌ಬುಡ್ತೀನಿ’ ಎಂದಳು. ಜೀಪಿನ ಹಿಂಬದಿಯಲ್ಲಿ ಅವಳಪ್ಪ, ಅಮ್ಮ ಆಗಲೇ ಕೂತಿದ್ದರು. ಬಂಗಾರಪೇಟೆಯಲ್ಲಿ ದೊಡ್ಡ ರೈಲು ಹತ್ತಿಸಿ, ಚೀನಾ ಮೂಲದವರನ್ನು ಕೂಡಿಹಾಕಿದ್ದ ರಾಜಸ್ಥಾನದ ಕಡೆಯ ಒಂದು ಶಿಬಿರಕ್ಕೆ ಕಳಿಸಿದರೆಂದು ಆಮೇಲೆ ತಿಳಿಯಿತು. ನಮ್ಮ ದಕ್ಷಿಣದಲ್ಲಿ ಅಂಥ ಮನೆಗಳೇ ಬೆರಳೆಣಿಕೆ, ಎಷ್ಟೋ ಮಂದಿಯನ್ನು ಇದ್ದಲ್ಲೇ ಇರಗೊಟ್ಟಿದ್ದರಂತೆ. ಇವರನ್ನೇ ಯಾಕೆ ಎಂದು ನಮಗೆ ಯಾರೂ ಹೇಳಲಿಲ್ಲ. ಚಿನ್ನದ ಗಣಿಯ ಪಕ್ಕ ಚೀನಾದವನು ಯಾಕಿರಬೇಕು ಎಂದು ಊರೇ ತನಗೆ ತಾನು ಉತ್ತರ ಹೇಳಿಕೊಂಡಿತು. ಅವರು ಹೋದ ಎರಡೇ ದಿನಕ್ಕೆ ಅಂಗಡಿಯ ಬೀಗ ಮುರಿದು ನೆಲ ಅಗೆದಿದ್ದರು.

ಅಜ್ಜಿ ಹಲ್ಲು ತೋರಿಸಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಅಪ್ಪಣೆ ಎಲ್ಲಿಂದಲೋ ಬಂದದ್ದು, ಅದು ಒಂದು ಹಲ್ಲಿಗೆ ನಿಲ್ಲುವಂಥದ್ದಾಗಿರಲಿಲ್ಲ. ಆದರೆ ಆ ಮನುಷ್ಯ ಕಳ್ಳ ಅನ್ನಿಸಿಕೊಂಡು ಜೀಪು ಹತ್ತುತ್ತಿರಲಿಲ್ಲ. ಅವಳಿಗೆ ಜೀವಮಾನವೆಲ್ಲ ಬೇಕಾಗಿದ್ದದ್ದು ಅಷ್ಟೇ, ನಮ್ಮಪ್ಪ ಕಳ್ಳ ಅಲ್ಲ ಎಂದು ಈ ಊರಿನ ಯಾರಾದರೂ ಒಬ್ಬರು ಸ್ಟೇಷನ್ನಿಗೆ ಬಂದು ಹೇಳುವುದು.

ಕೆಲವು ವರ್ಷ ಕಳೆದು ಅವಳೂ ಅವಳಮ್ಮನೂ ತಿರುಗಿ ಬಂದರು. ಅಪ್ಪ ಅಲ್ಲಿಯ ಬಿಸಿಲಲ್ಲೇ ತೀರಿಕೊಂಡಿದ್ದರು. ಈ ಊರಿಗೇ ಯಾಕೆ ಬಂದೆ ಎಂದು ಕೇಳಿದೆ. ‘ಅಲ್ಲಿ ನೆಲ ಅಲ್ಲಾಡ್ತಾನೇ ಇರ್ಲಿಲ್ಲ ಕಣೇ. ನಿದ್ದೆ ಹತ್ತೋದೇ ಕಷ್ಟ’ ಎಂದು ನಕ್ಕಳು. ಆಮೇಲೆ ಮೆಲ್ಲಗೆ, ‘ಅಪ್ಪ ಮಾಡಿದ್ದೆಲ್ಲ ಇಲ್ಲೇ ತಾನೇ ಇರೋದು’ ಎಂದಳು. ಆಗ ನನಗೆ ಅದು ಅರ್ಥವಾಗಲಿಲ್ಲ. ಅಮ್ಮನಿಗೆ ಗಂಡನ ಕಸುಬು ಅರ್ಧ ಗೊತ್ತಿತ್ತು, ಮಗಳು ಅದನ್ನು ಪೂರ್ತಿ ಮಾಡಿಕೊಂಡಳು. ಅದೇ ಅಂಗಡಿಯನ್ನು ಬಾಡಿಗೆಗೆ ಹಿಡಿದಳು. ಎರಡೂ ಬಾಗಿಲನ್ನು ಹಗಲೆಲ್ಲ ಹಾರುಹೊಡೆದು ಇಟ್ಟಿರುತ್ತಿದ್ದಳು, ಧೂಳಿನ ಗಾಳಿಯಲ್ಲೂ. ಮುಚ್ಚೇ ಅಂದರೆ, ‘ಮುಚ್ಚಿದ್ರೆ ತಟ್ತಾರೆ. ಆ ಸದ್ದು ನಂಗಾಗಲ್ಲ’ ಎನ್ನುವಳು.

ಗೊತ್ತುಮಾಡಿದ ದಿನ ಪೊಲೀಸ್ ಸ್ಟೇಷನ್ನಿಗೆ ಹೋಗಿ ಮುಖ ತೋರಿಸಿ ಬರಬೇಕು, ಹೇಳದೆ ಊರು ದಾಟಕೂಡದು, ಇದು ಸರ್ಕಾರ ಅವಳ ಮೇಲೆ ಹಾಕಿದ್ದ ಕಟ್ಟು. ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಮುಂದಿನದು ಕೋರಮಂಡಲ್, ಅದಾಚೆಗೆ ಬಂಗಾರಪೇಟೆ. ಅವಳ ಲೋಕ ಕೋರಮಂಡಲ್‌ಗೆ ಮುಗಿಯುತ್ತಿತ್ತು. ನನ್ನ ಮದುವೆ ಬಂಗಾರಪೇಟೆಯ ಛತ್ರದಲ್ಲಿ. ಅಪ್ಪಣೆ ಕೇಳಲು ಹೋದರೆ ಸಾಹೇಬರಿಲ್ಲ, ನಾಳೆ ಬಾ ಎಂದರಂತೆ. ನಾಳೆ ಅಂದರೆ ಮುಹೂರ್ತ ಕಳೆದ ಮೇಲೆ. ನಮ್ಮ ಸೋದರಮಾವ ರೈಲಿನ ಕಿಟಕಿಯಿಂದ ಕಂಡನಂತೆ, ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಕೋರಮಂಡಲ್‌ನ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳಂತೆ, ವಾಪಸ್ಸು ಹೋಗುವ ರೈಲಿಗೆ. ಎಷ್ಟೋ ವರ್ಷದ ಮೇಲೆ ಆ ಕಟ್ಟೆಲ್ಲ ಸಡಿಲಾಯಿತು. ಮದುವೆಯಾದ ಮೇಲೆ ನನ್ನ ಮನೆ ಬಂಗಾರಪೇಟೆಯಲ್ಲಿ, ಕೆಲಸ ಕೆಜಿಎಫ್‌ನ ಕಾರ್ಖಾನೆಯ ಸ್ಟೋರ್ಸಿನಲ್ಲಿ, ದಿನಾ ಅದೇ ರೈಲು. ‘ಬಾರೇ, ಬಂಗಾರಪೇಟೆ ಪಾನಿಪೂರಿ ತಿನ್ಸ್ತೀನಿ’ ಎಂದು ಎಷ್ಟು ಸಲ ಎಳೆದಿಲ್ಲ! ಹತ್ತುವಳು, ಹರಟುವಳು, ಕೋರಮಂಡಲ್ ಬಂದೊಡನೆ ಎದ್ದು ನಿಲ್ಲುವಳು. ‘ನಾನೇನ್ ಮಾಡ್ಲೇ, ಕಾಲು ತಾನೇ ಎದ್‌ಬುಡ್ತವೆ’ ಎಂದು ಇಳಿದೇಬಿಡುವಳು.

ಅಜ್ಜಿ ಸತ್ತ ದಿನ ಬರೆಯದೆ ಇದು ಮುಗಿಯುವುದಿಲ್ಲ. ಹೆಣ ನಡುಮನೆಯಲ್ಲಿತ್ತು. ಊರಿಂದ ಬಂದ ಚಿಕ್ಕಪ್ಪ, ‘ಅಮ್ಮನ ಬಾಯಾಗಿನ ಚಿನ್ನ ಮಣ್ಣಿಗೆ ಆಕ್ತೀರೇನಲಾ? ಬುಚ್ಚಿಸ್ರಿ’ ಎಂದು ಹಟ ಹಿಡಿದ. ಅಪ್ಪ ಬೇಡ, ಇರಲಿ ಎಂದರು. ಚಿಕ್ಕಪ್ಪ ಕೇಳಲಿಲ್ಲ. ಕೊನೆಗೆ ಕರೆಸಿದ್ದು ಇವಳನ್ನೇ. ಅವಳು ಅಜ್ಜಿಯ ಕೆನ್ನೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು, ಮುದ್ದೆ ತಿಂದ ಮನೆಯಲ್ಲವೇ. ಆಮೇಲೆ ತುಟಿ ಬಿಡಿಸಿ, ಆ ಕವಚವನ್ನು ನೋಡಿಯೇ ನೋಡಿದಳು. ಊರಲ್ಲಿ ಯಾವ ಮುದುಕರು ಸತ್ತರೂ ಅವಳು ಹೋಗಿ ಹೆಣದ ತಲೆಯ ಬಳಿ ಕೂರುತ್ತಿದ್ದದ್ದು ಯಾಕೆಂದು ನನಗೆ ಹೊಳೆದದ್ದು ಆಗ. ಅವಳಪ್ಪನ ಕೈಕೆಲಸ ಅವರೊಂದಿಗೇ ಮಣ್ಣಿಗೆ ಹೋಗುತ್ತಿತ್ತು.

ಇಕ್ಕಳದಿಂದ ಮೆತ್ತಗೆ ಬಿಡಿಸಿ ಕೊಟ್ಟಳು. ಚಿಕ್ಕಪ್ಪ ಬೀದಿಯ ತುದಿಯ ಅಕ್ಕಸಾಲಿಗನ ಹತ್ತಿರ ಓಡಿಹೋಗಿ ಉಜ್ಜಿಸಿಕೊಂಡು ಬಂದ. ಬಂದವನ ಮುಖ ಕೆಂಪಗಿತ್ತು.

‘ಇತ್ತಾಳೆ! ನಿಮ್ಮಪ್ಪ ನಮ್ಮಮ್ಮಂಗೆ ಇತ್ತಾಳೆ ಆಕಿ ಚಿನ್ನದ ದುಡ್ಡು ತಿಂದವ್ನೆ. ಕಳ್ ನನ್ಮಗ!’

ಇದಕ್ಕಿಂತ ಅನ್ಯಾಯದ ಮಾತು ನಾನು ಕೇಳಿಲ್ಲ. ಚಿನ್ನ ಎಂದು ಅವತ್ತು ಕಳ್ಳ, ಹಿತ್ತಾಳೆ ಎಂದು ಇವತ್ತೂ ಕಳ್ಳ. ಅವಳು ನಮ್ಮಪ್ಪನ ಬಾಯಿ ನೋಡಿದಳು. ಅಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವಳು ಚಿಕ್ಕಪ್ಪನಿಗೆ ಕೈಮುಗಿದು, ‘ತಪ್ಪಾಯ್ತಣ್ಣ. ನಮ್ಮಪ್ಪನ ಪರ್ವಾಗಿ ನಾನು ತಪ್ಪಾಯ್ತು ಅಂತೀನಿ’ ಎಂದಳು. ಚಿಕ್ಕಪ್ಪ ಕವಚವನ್ನು ಅಂಗಳಕ್ಕೆ ಎಸೆದ. ಅವಳು ಬಗ್ಗಿ ಎತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು.

ಗೇಟಿನ ಹತ್ತಿರ ಅವಳ ರಟ್ಟೆ ಹಿಡಿದು ನಿಲ್ಲಿಸಿದೆ. ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

‘ಇತ್ತಾಳೆ ಸಾಕು, ಅಮ್ಮಂಗೆ ಚಿನ್ನ ಅಂತ ಹೇಳ್ತೀನಿ ಅಂದಿದ್ದು ನಿಮ್ಮಪ್ಪನೇ ಕಣೇ. ನಾನಲ್ಲೇ ಮೇಣ ಕಚ್ಕೊಂಡು ಕೂತಿದ್ದೆ. ಅವತ್ತು ಸೈಕಲ್ ಹಿಡ್ಕೊಂಡಾಗ್ಲೂ ಗೊತ್ತಿತ್ತು.’

‘ಮತ್ತೆ ಹೇಳೋಕೇನಾಗಿತ್ತು ನಿಂಗೆ?’

‘ತಾಯಿ ಹೆಣದ ಮುಂದೆ ಮಗನ ಮಾನ ತೆಗೀಲಾ?’

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅವರು ಸಾಯುವವರೆಗೂ ಪೂರ್ತಿ ಇಳಿಯಲಿಲ್ಲ. ಅವಳು ಮಾತ್ರ ಕೊನೆಯವರೆಗೂ ಅವರನ್ನು ಸಾರ್ ಎಂದೇ ಕರೆದಳು, ಅವರ ಹಲ್ಲಿನ ಸೆಟ್ಟನ್ನೂ ಅವಳೇ ಮಾಡಿಕೊಟ್ಟಳು.

ಗಣಿಗಳು ಮುಚ್ಚಿದವು. ಏರ್ ಬ್ಲಾಸ್ಟೂ ನಿಂತಿತು. ಗಡಿಯಲ್ಲಿ ಮತ್ತೆ ಗಲಾಟೆಯಾಗಿ ನಮ್ಮ ಸೈನಿಕರು ಸತ್ತ ವರ್ಷ ಒಂದು ಸಂಜೆ ನಾನು ಅವಳ ಅಂಗಡಿಯಲ್ಲಿದ್ದಾಗ ಏಳೆಂಟು ಮಂದಿ ಬಾವುಟ ಹಿಡಿದು ಬಂದರು. ಬೀದಿಯಲ್ಲಿ ಒಂದು ಹಳೇ ಚೀನಾ ಟೀವಿ ಒಡೆದು, ‘ಚೀನಾ ಅಮ್ಮ ಹೊರಗೆ ಬರ್ಲಿ, ಜೈ ಅನ್ಲಿ’ ಎಂದು ಕೂಗಿದರು. ಬಾಗಿಲು ಎಂದಿನಂತೆ ತೆರೆದೇ ಇತ್ತು. ಅವಳು ಎದ್ದು ಹೊಸಿಲಿಗೆ ಹೋಗಿ ಮುಂದಿದ್ದವನನ್ನು ನೋಡಿದಳು.

‘ನಗು, ನೋಡಾಣ.’

‘ಆಂ?’ ಎಂದು ಅವನು ಬಾಯಿ ತೆರೆದ.

‘ನಿಮ್ ತಾತಂದೇ ಸಾಲು ಹಲ್ಲು. ಎಡಗಡೆ ಕೋರೆ ಮೇಲೆ ನಮ್ಮಪ್ಪ ತಗಡು ಆಕಿದ್ರು.’

ಅವರು ಹೋದರು. ಆದರೆ ಮರುದಿನ ಹೋದಾಗ ಅಂಗಡಿಯ ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಿದ್ದಳು. ನಾನು ಆ ಕುರ್ಚಿಯಲ್ಲಿ ಕೂತು, ಮುರಿದಿದ್ದ ನನ್ನ ಹಲ್ಲು ತೋರಿಸಿ, ನನಗೊಂದು ಹಿತ್ತಾಳೆ ಕವಚ ಹಾಕು ಎಂದೆ. ‘ಈಗ್ಯಾರೂ ಆಕ್ಸಲ್ಲ, ಹುಚ್ಚಿ’ ಎಂದು ಬೈದಳು. ಹಾಕು ಎಂದೆ. ಹಾಕಿದಳು. ಅವಳು ಮಾಡಿದ ಕೊನೆಯ ಕೆಲಸ ನನ್ನ ಬಾಯಲ್ಲಿದೆ.

ಈಗ, ಅವಳು ಸತ್ತ ಮೇಲೆ ನೆಲ ಅಗೆದ ಸಂಗತಿ. ಅಗೆದವರಿಗೆ ಸಿಕ್ಕಿದ್ದು ಒಂದು ಬಿಸ್ಕತ್ತಿನ ಡಬ್ಬಿ. ಅದರ ತುಂಬ ಹಲ್ಲಿನ ಕವಚಗಳು, ನಮ್ಮಜ್ಜಿಯದು ಸೇರಿ. ಹೆಣದ ಬಾಯಿಂದ ಬಿಡಿಸಿ, ಚಿನ್ನವಲ್ಲ ಎಂದು ತಿಳಿದು ಮನೆಯವರು ಬಿಸಾಡಿದ್ದನ್ನೆಲ್ಲ ಅವಳು ಎತ್ತಿಟ್ಟುಕೊಂಡಿದ್ದಳು. ಅಗೆದವರು ಹಂಚಿಕೊಳ್ಳುವಾಗ ಜಗಳಾಡಿ, ಡಬ್ಬಿ ಸ್ಟೇಷನ್ನು ಸೇರಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಫೋನಿನಲ್ಲೂ ಅದರ ಚಿತ್ರ: ಚೀನಾ ಹೆಂಗಸಿನ ಮನೆಯಲ್ಲಿ ಗಣಿಯ ಚಿನ್ನ. ನಾನು ಸೀರೆ ಬದಲಿಸಿ, ರೈಲು ಹತ್ತಿ, ಅಜ್ಜಿ ಅಂದು ಹೋಗಬೇಕಾಗಿದ್ದ ಆ ಪೊಲೀಸ್ ಸ್ಟೇಷನ್ನಿಗೆ ಹೋದೆ.

ಚಿಕ್ಕ ವಯಸ್ಸಿನ ಸಬ್ ಇನ್ಸ್‌ಪೆಕ್ಟರು. ಕುರ್ಚಿ ಕೊಟ್ಟು, ನೀರು ತರಿಸಿದರು.

‘ಇದು ಚಿನ್ನ ಅಲ್ಲಪ್ಪ, ಹಿತ್ತಾಳೆ. ಅವಳೂ ಕಳ್ಳಿ ಅಲ್ಲ, ಅವಳಪ್ಪನೂ ಕಳ್ಳ ಅಲ್ಲ. ಅಕ್ಕಸಾಲಿಗನ್ನ ಕರ್ಸಿ ಉಜ್ಜಿಸಿ ನೋಡು. ಇದನ್ನೂ ನೋಡು’ ಎಂದು ಬಾಯಿ ತೆರೆದೆ.

‘ಇದೂ ಅವರೇ ಹಾಕಿದ್ದಾ ಅಜ್ಜಿ?’

‘ಹೂಂ.’

‘ಅವರು ಚೀನಾದಿಂದ ಯಾವಾಗ ಬಂದಿದ್ದು?’

‘ಬಂದೇ ಇಲ್ಲ. ಇಲ್ಲೇ ಹುಟ್ಟಿದ್ದು.’

‘ನೀವು ಅವರಿಗೆ ಏನಾಗ್ಬೇಕು?’

‘ಒಂದೇ ಬೆಂಚು.’

ಅವರು ಏನೋ ಬರೆದುಕೊಂಡರು. ನನ್ನ ಹೆಸರು, ಬಂಗಾರಪೇಟೆಯ ಮನೆ ಎಲ್ಲ ಕೇಳಿ ಬರೆದುಕೊಂಡರು. ಫೋನಿನಿಂದ ನನ್ನ ಹಲ್ಲಿನ ಚಿತ್ರ ತೆಗೆದರು. ಆಮೇಲೆ ಎದ್ದು ನಿಂತು, ಬಹಳ ಮರ್ಯಾದೆಯಿಂದ ಹೇಳಿದರು:

‘ಆಯ್ತಜ್ಜಿ. ವಿಚಾರಣೆ ಮುಗಿಯೋ ತನಕ ನಮಗೆ ಹೇಳ್ದೆ ಊರು ಬಿಟ್ಟು ಎಲ್ಲೂ ಹೋಗ್ಬೇಡಿ.’

ಸಂಜೆಯ ರೈಲಿಗೆ ಊರಿಗಾಂನಲ್ಲಿ ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳಿಗೆ ಬೇಕಾಗಿದ್ದ ಮಾತು ಹೇಳಿ ಬಂದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಕೇಳಲು ಅವಳಿಲ್ಲ. ಕೋರಮಂಡಲ್ ಬಂತು. ಆ ಕಲ್ಲುಬೆಂಚು ಇನ್ನೂ ಅಲ್ಲೇ ಇದೆ, ಯಾರೋ ಬುತ್ತಿ ಚೀಲ ಇಟ್ಟುಕೊಂಡು ಕೂತಿದ್ದರು. ಇಳಿಯುವವರಿಗೆ ದಾರಿ ಬಿಡಿ ಅಜ್ಜಿ ಎಂದು ಹಿಂದಿನಿಂದ ಯಾರೋ ಅಂದಾಗಲೇ ನನಗೆ ಗೊತ್ತಾದದ್ದು, ನಾನು ಎದ್ದು ಬಾಗಿಲಿಗೆ ಬಂದು ನಿಂತಿದ್ದೆ.

ಇಳಿಯಲಿಲ್ಲ. ಆದರೆ ಬಂಗಾರಪೇಟೆ ಬರುವ ತನಕ ಕೂರುವುದೂ ಆಗಲಿಲ್ಲ.